ಸರ್ವೆಯರು ಬಳಿದ ನೀಲಿ

ಎಲ್ಲಕ್ಕೂ ಕಾರಣ ಪಾಚಿಗಟ್ಟಿದ ಒಂದು ಮೆಟ್ಟಿಲು. ಸರ್ವೆಯರು ಅದರ ಮೇಲೆ ಕಾಲಿಟ್ಟರು. ಮೆಟ್ಟಿಲು ಅಲ್ಲೇ ಉಳಿಯಿತು, ಸರ್ವೆಯರು ಮಾತ್ರ ಕೆಸರಿಗೆ ಜಾರಿದರು.

ಬೆಟ್ಟದ ಯಾವ ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕೆಂದು ಎಣಿಸಿ ನಕ್ಷೆಗೆ ನೀಲಿ ಬಳಿಯುವುದು ಅವರ ಕೆಲಸ. ನೀಲಿ ಗಾಢವಾಗಿದ್ದ ಕಡೆ ಹೊಸ ಟ್ಯಾಂಕು. ಸಂಜೆ ಸಾಹೇಬರು ಬಂದು ನಕ್ಷೆ ಒಪ್ಪಿದರೆ ಸಾಕು, ಸರ್ವೆಯರ ಮೊಣಕಾಲು ಮೂರು ವರ್ಷದಿಂದ ಬೇಡುತ್ತಿದ್ದ ವರ್ಗಾವಣೆಗೆ ಸಹಿ. ಕೆಳಗಿನ ಊರಿನ ಕಚೇರಿ, ಒಂದೇ ಒಂದು ಮೆಟ್ಟಿಲೂ ಇಲ್ಲ!

"ಅಯ್ಯೋ, ಮೈಯೆಲ್ಲ ಕೆಸರು!" ದರ್ಜಿಯ ಹೆಂಡತಿ ಓಡಿಬಂದು ಎರಡು ಕೊಡ ಸುರಿದಳು. "ಶರ್ಟ್ ಬಿಚ್ಚಿಕೊಡಿ ಅಣ್ಣಾ, ನಾಚ್ಕೋಬೇಡಿ." ಒಗೆಯಲು ಇನ್ನೆರಡು. ದರ್ಜಿಯ ದೊಗಲೆ ಅಂಗಿ ತೊಟ್ಟು ಸರ್ವೆಯರು ಬರೆದುಕೊಂಡರು: ಮನೆಯವರದೂ ಸೇರಿ ಏಳು ಕೊಡ.

ಸುದ್ದಿ ಅವರಿಗಿಂತ ಮೊದಲೇ ಬೆಟ್ಟ ಹತ್ತಿತ್ತು. "ಬಿದ್ರಂತಲ್ಲ ಸಾರ್!" ಎಂದು ಮೇಷ್ಟ್ರು ಅವರ ಕಾಲನ್ನು ಬಿಸಿನೀರಲ್ಲಿ ಇಳಿಬಿಡಿಸಿದರು. ಬಡಗಿಯ ಮನೆಯಲ್ಲಿ ಮೂರು ಲೋಟ ಚಹಾ ಕುಡಿಸಿದರು. ಆ ಚಹಾ ಹೊಟ್ಟೆಗೆ ಒಗ್ಗದೆ, ಮುಂದಿನ ಮನೆಯಾದ ಬೇಕರಿಯವನ ಹಿತ್ತಲಿಗೆ ಸರ್ವೆಯರು ನಾಲ್ಕು ಸಲ ಓಡಿದರು. ಸಲಕ್ಕೊಂದು ಬಕೆಟ್. ಎಲ್ಲವನ್ನೂ ತಪ್ಪದೆ ಎಣಿಸಿದರು ಪುಣ್ಯಾತ್ಮರು.

ತುತ್ತತುದಿಯಲ್ಲಿ ಅಜ್ಜಿಯ ಮನೆ. ಬೆಟ್ಟದ ಬುಡದಲ್ಲಿ ನೀರು ಜಿನುಗುವ ಊಟೆಯಿಂದ ಇನ್ನೂರ ಹನ್ನೆರಡು ಮೆಟ್ಟಿಲು ಹೊತ್ತು ತಂದ ಒಂದೇ ಕೊಡ. ತರಕಾರಿ ತೊಳೆದ ನೀರಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರಲ್ಲಿ ನೆಲ, ಉಳಿದದ್ದು ಮೆಣಸಿನ ಗಿಡಕ್ಕೆ. ಒಂದು ಹನಿಯೂ ದಾರಿ ತಪ್ಪಲಿಲ್ಲ.

"ಇಷ್ಟೇ ಸಾಕಾ ಅಜ್ಜಿ?"

"ಸಾಕು ಅಂತ ಯಾರಂದ್ರು ಮಗಾ? ಹೊರೋಕಾಗೋದು ಇಷ್ಟೇ. ತಲೆಗೆ ನೀರು ಹಾಕ್ಕೊಂಡು ಹನ್ನೆರಡು ದಿನ ಆಯ್ತು."

ಸರ್ವೆಯರಿಗೆ ಕೈಮುಗಿಯಬೇಕೆನಿಸಿತು. ಒಂದು ಕೊಡ ಎಂದು ಬರೆದು, ತೆಳು ನೀಲಿ ಬಳಿದು ಇಳಿದರು.

ಸಂಜೆ ಊಟೆಯ ಬಳಿ ಸಾಹೇಬರು ನಕ್ಷೆ ಬಿಡಿಸಿದಾಗ ಊರೆಲ್ಲ ಸುತ್ತುವರಿಯಿತು. ಅಜ್ಜಿಯೂ ಕೊಡ ಹಿಡಿದು ಇಳಿದುಬಂದಿದ್ದಳು.

"ಕೆಳಗಿನ ನಾಲ್ಕು ಮನೆಗೆ ಎಷ್ಟು ನೀರ್ರೀ! ಟ್ಯಾಂಕು ಅಲ್ಲೇ ಕಟ್ಟೋಣ. ತುದಿ ಮನೆಗೆ ಬೇಕಾಗೇ ಇಲ್ಲ, ಬಿಡಿ." ಸಾಹೇಬರು ವರ್ಗಾವಣೆಯ ಕಾಗದ ಹೊರತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

ಸರ್ವೆಯರು ಪೆನ್ನು ನೋಡಿದರು, ಅಜ್ಜಿಯ ಖಾಲಿ ಕೊಡ ನೋಡಿದರು. ನಕ್ಷೆಯ ಮೇಲೆ ಕೈಯಿಟ್ಟರು.

"ಸಾರ್, ನಕ್ಷೆ ತಪ್ಪು. ಆ ಗಾಢ ನೀಲಿಯಲ್ಲಿ ಅರ್ಧ ಇವರ ನೀರಲ್ಲ. ನಾನು ಬಿದ್ದದ್ದು, ತೊಳೆದದ್ದು, ಕುಡಿದದ್ದು, ಆಮೇಲೆ... ಓಡಿದ್ದು. ಅಜ್ಜಿದು ತೆಳು ಯಾಕಂದ್ರೆ ಹೊತ್ತು ಹೊತ್ತು ಬೆನ್ನು ಸೋತಿದೆ. ಟ್ಯಾಂಕು ಅಲ್ಲಿ ಬೇಕು."

ದರ್ಜಿಯ ಹೆಂಡತಿ ಮುಂದೆ ಬಂದಳು. "ನಿಜ ಸ್ವಾಮಿ, ನಮಗೆ ಮೂರೇ ಕೊಡ. ಮೇಲೆ ಕಟ್ಟಿದ್ರೆ ನೀರು ನಮಗೂ ಇಳಿಯುತ್ತೆ."

"ಭಲೇ!" ಎಂದರು ಸಾಹೇಬರು. "ಟ್ಯಾಂಕು ತುದಿಗೇ. ನಿಮ್ಮ ಕಾಗದಕ್ಕೂ ಸಹಿ, ತಗೊಳ್ಳಿ."

ಪೆನ್ನು ಕಾಗದ ಮುಟ್ಟುವಷ್ಟರಲ್ಲಿ ಅಜ್ಜಿ ಸಾಹೇಬರ ಕೈ ಗಟ್ಟಿಯಾಗಿ ಹಿಡಿದಳು. ಅವಳ ಕಣ್ಣಲ್ಲಿ ನೀರು.

"ಇಂಥ ಬಂಗಾರದಂಥವನನ್ನ ಎಲ್ಲೂ ಕಳಿಸ್ಬೇಡಿ ಸ್ವಾಮೀ! ಬೇರೆ ಬೆಟ್ಟದ ಮೇಲೂ ನನ್ನಂಥ ಮುದುಕೀರು ಇದ್ದಾರೆ. ಅವರ ಕೊಡಾನೂ ಇವನೇ ಎಣಿಸ್ಲಿ."

"ಹೌದು ಹೌದು, ಇವರೇ ಎಣಿಸ್ಲಿ!" ಊರಿಗೂರೇ ಕೂಗಿತು.

ಸಾಹೇಬರ ಮನಸ್ಸು ಕರಗಿಹೋಯಿತು. ಮುಚ್ಚಳ ಹಾಕಿ, ಕಾಗದ ಮಡಚಿ ಜೇಬಿಗಿಟ್ಟರು. "ಹನ್ನೊಂದು ಬೆಟ್ಟ ಬಾಕಿ ಇದೆ. ನಾಳೆಯಿಂದಲೇ ಹತ್ತಿ."

ಸರ್ವೆಯರು ಅಲ್ಲೇ ಕುಸಿದು ಕೂತರು. ಅಜ್ಜಿ ಕೊಡ ತುಂಬಿ, ಅದರಿಂದ ಒಂದು ಲೋಟ ಬಗ್ಗಿಸಿ ಅವರ ಕೈಗಿಟ್ಟಳು.

"ಕುಡಿ ಮಗಾ. ಇದೊಂದನ್ನ ಮಾತ್ರ ಲೆಕ್ಕಕ್ಕೆ ಹಿಡೀಬೇಡ."