ಮರಿಬಸಪ್ಪನ ಮುಡಿ

ಮರಿಬಸಪ್ಪನಿಗೆ ಸಂಸಾರದಲ್ಲಿ ಇದ್ದದ್ದು ಒಂದೇ ದೂರು. ಅದು ಅವನ ಹೆಂಡತಿ ಹೇಮಾವತಿಯ ಕೂದಲು. ಮೊಣಕಾಲಿಗೆ ಎರಡೇ ಗೇಣು ಕಡಿಮೆಯಿದ್ದ ಆ ಕೂದಲನ್ನು ನೋಡಿಯೇ ಹದಿನೆಂಟು ವರ್ಷದ ಹಿಂದೆ ಅವನು ಹೆಣ್ಣೊಪ್ಪಿದ್ದ ಎಂಬುದು ನಿಜ. (ಆದರೆ ಅವತ್ತು ಅದು ಬಾಚಿಸಿಕೊಂಡು, ಹೆಣೆಸಿಕೊಂಡು, ಮಲ್ಲಿಗೆ ಮುಡಿದು ಕೂತಿತ್ತು. ಬಾಚಲು ಎಷ್ಟು ಹೊತ್ತು ಹಿಡಿಯಿತೆಂದು ಬೀಗರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.) ಆದವಾನಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದ ಅವನು ಗಡಿಯಾರ ನೋಡಿ ಉಸಿರಾಡುವ ಮನುಷ್ಯ. ಬೆಳಿಗ್ಗೆ ಎಂಟಕ್ಕೆ ಬುತ್ತಿ ಕೈಗೆ ಬರಬೇಕು. ಆ ಹೊತ್ತಿಗೆ ಸರಿಯಾಗಿ ಹೇಮಾವತಿಯ ಕೈಯಲ್ಲಿ ಹಣಿಗೆ ಇರುತ್ತಿತ್ತು.

"ಎತ್ತಿನ ಮೈನೂ ವಾರಕ್ಕೊಮ್ಮಿ ತಿಕ್ಕತಾರ. ನಿನ್ನ ತಲಿ ದಿನಾ ಎರಡು ಹೊತ್ತು!" ಎಂದು ಅವನು ಬಾಗಿಲಲ್ಲಿ ನಿಂತು ಗುಡುಗುತ್ತಿದ್ದ.

"ಸಿಕ್ಕು ಬಿದ್ರ ನೀವು ಬಂದು ಬಿಡಸ್ತೀರೇನ್ರಿ?"

"ಸಿಕ್ಕು ಯಾಕ ಬೀಳ್ತೈತಿ? ವಾರಕ್ಕೊಮ್ಮಿ ಎರಕೊ, ದಿನಕ್ಕೊಮ್ಮಿ ಬಾಚು, ಮುಗೀತು. ಆ ಕಂಡಿಷನರ್ ಅನ್ನೋದಂತೂ ಬರೇ ಶೋಕಿ."

ಹೇಮಾವತಿ ಮತ್ತೆ ಹಣಿಗೆ ಎತ್ತಿಕೊಳ್ಳುತ್ತಿದ್ದಳು. ಆಕೆ ಗಂಡನಿಂದ ಬಂಗಾರ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಈ ಕೂದಲಿನ ಹಿಂದೆ ತನ್ನ ಕಷ್ಟವೂ ಇದೆ ಎಂದು ಅವನು ಒಂದೇ ಒಂದು ಸಲ ಒಪ್ಪಿದ್ದರೆ ಆಕೆಗೆ ಸಾಕಾಗಿತ್ತು. ಅದೊಂದು ಮಾತು ಮಾತ್ರ ಹದಿನೆಂಟು ವರ್ಷದಲ್ಲಿ ಅವನ ಬಾಯಿಂದ ಹೊರಡಲಿಲ್ಲ.

ಹೀಗಿರಲಾಗಿ ಮರಿಬಸಪ್ಪನ ಮೂತ್ರಪಿಂಡದಲ್ಲಿ ಒಂದು ಕಲ್ಲು ಬಂದು ಕೂತಿತು. ಅವನು ಆಸ್ಪತ್ರೆಯ ಮಂಚದ ಮೇಲೆ ಹೊರಳಾಡುತ್ತಿದ್ದರೆ, ತಾಯಿ ಮಹಾಂತಮ್ಮ ಹೊರಗೆ ಉರುಕುಂದದ ಈರಣ್ಣ ದೇವರ ಗುಡಿಯ ದಿಕ್ಕಿಗೆ ತಿರುಗಿ ಸೆರಗೊಡ್ಡಿದಳು: "ಈರಣ್ಣಪ್ಪಾ, ನನ್ನ ಮಗನ ಕಲ್ಲು ಬಿತ್ತಂದ್ರ ಎರಡು ವರ್ಷ ಅವನ ತಲಿಗೆ ಕತ್ತರಿ ಮುಟ್ಟಸಂಗಿಲ್ಲ. ಬೆಳದ ಮುಡಿ ನಿನಗ!"

ಮರುದಿನ ಬೆಳಿಗ್ಗೆ ಕಲ್ಲು ಬಿತ್ತು. ದೇವರು ಇಷ್ಟು ಬೇಗ ತನ್ನ ಪಾಲಿನ ಕೆಲಸ ಮುಗಿಸಿಬಿಟ್ಟರೆ ಮನುಷ್ಯ ತಪ್ಪಿಸಿಕೊಳ್ಳುವುದು ಹೇಗೆ?

"ಹರಕಿ ನಿಂದು, ತಲಿ ನಂದೇನವ್ವಾ?" ಎಂದು ಮರಿಬಸಪ್ಪ ಅಂಗಲಾಚಿದ.

"ಆ ತಲಿ ಹಡದಾಕಿ ನಾನು," ಎಂದಳು ಮಹಾಂತಮ್ಮ. ಅಲ್ಲಿಗೆ ವಾದ ಮುಗಿಯಿತು.

ಮೊದಲ ಆರು ತಿಂಗಳು ಕೂದಲು ಸಭ್ಯವಾಗಿತ್ತು. ಆಮೇಲೆ ಕಿವಿ ದಾಟಿತು, ಕಾಲರ್ ದಾಟಿತು, ಮಾತು ಕೇಳುವುದನ್ನು ಬಿಟ್ಟಿತು. ಮಹಾಂತಮ್ಮನ ವೈದ್ಯಶಾಸ್ತ್ರದಲ್ಲಿ ಎಲ್ಲಕ್ಕೂ ಒಂದೇ ಮದ್ದು, ಕೊಬ್ಬರಿ ಎಣ್ಣೆ. ದಿನಾ ಬೆಳಿಗ್ಗೆ ಮಗನನ್ನು ಕೂಡಿಸಿಕೊಂಡು ಅಂಗೈತುಂಬ ಸುರಿದು ತಟ್ಟಿದಳು. ಎಣ್ಣೆ ಹಚ್ಚಿದ ತಲೆ, ಅರಳೆ ಹಾರಾಡುವ ಮಿಲ್ಲು! ಮಧ್ಯಾಹ್ನದ ಹೊತ್ತಿಗೆ ಹತ್ತಿಯ ಎಳೆಯೆಲ್ಲ ಕೂದಲಿಗೆ ಮೆತ್ತಿಕೊಂಡು, ನಲವತ್ತಮೂರರ ಮರಿಬಸಪ್ಪನಿಗೆ ಎಂಬತ್ತಾಗಿತ್ತು.

ಗೇಟಿನ ಕಾವಲುಗಾರ ಕೆಂಚಣ್ಣ ಎದ್ದು ನಿಂತು ಕೈಮುಗಿದ. "ಬೆಳಿಗ್ಗಿ ಒಳಗ ಹೋದೋರು ನಮ್ಮ ಸಾರು. ಈಗ ಹೊರಗ ಬಂದೋರು ಅವರ ತಂದಿಯೋರೇನ್ರಿ?"

ಆ ಸಂಜೆ ಮರಿಬಸಪ್ಪ ಕನ್ನಡಿಯ ಮುಂದೆ ಸಮರಕ್ಕೆ ನಿಂತ. ನೆತ್ತಿಯ ಮೇಲೆ ಹಣಿಗೆ ಊರಿ ಒಂದೇ ಎಳೆತಕ್ಕೆ ಕೆಳಗಿಳಿಸಲು ನೋಡಿದ. ಹಣಿಗೆಯ ನಾಲ್ಕು ಹಲ್ಲು ವೀರಮರಣವನ್ನಪ್ಪಿದವು. ಉಳಿದ ಹಲ್ಲುಗಳು ಕೂದಲನ್ನು ಕಚ್ಚಿಹಿಡಿದು ಕಿವಿಯ ಪಕ್ಕದಲ್ಲೇ ನೇತಾಡಿದವು. ಕಣ್ಣಲ್ಲಿ ನೀರು ಬಂತು.

"ಹೇಮಾ! ಏ ಹೇಮಾ!"

ಹೇಮಾವತಿ ಬಂದಳು, ಬಾಗಿಲಿಗೆ ಒರಗಿದಳು. "ಸಿಕ್ಕು ಯಾಕ ಬಿತ್ತೋ ಏನೋ!" ಎಂದಳು. ಅಷ್ಟೇ ಅಂದಳು. ಬೇರೆ ಯಾರಾದರೂ ಆಗಿದ್ದರೆ ಹದಿನೆಂಟು ವರ್ಷದ್ದನ್ನು ಅಲ್ಲೇ ತೀರಿಸಿಕೊಳ್ಳುತ್ತಿದ್ದರು. ಆಕೆ ಅವನನ್ನು ಮಣೆಯ ಮೇಲೆ ಕೂಡಿಸಿ, ಒಂದು ತಾಸು ಬೆರಳಿನಲ್ಲೇ ಸಿಕ್ಕು ಬಿಡಿಸಿದಳು. ಬಿಡಿಸುತ್ತ ಉಪದೇಶವೂ ನಡೆಯಿತು. "ಮ್ಯಾಲಿಂದ ಎಳೀಬಾರ್ದ್ರಿ, ತುದಿಯಿಂದ ಬಿಡಿಸ್ಕೋತ ಮ್ಯಾಲಕ ಬರಬೇಕು. ಹಸಿ ತಲಿಗೆ ಸಣ್ಣ ಹಣಿಗಿ ಹಾಕಬ್ಯಾಡ್ರಿ. ಎಣ್ಣಿ ರಜಾದ ದಿನಕ್ಕಷ್ಟ. ಮಿಲ್ಲಿಗೆ ಹೋಗುವಾಗ ತಲಿಗೆ ವಸ್ತ್ರ ಕಟ್ರಿ. ಕಂಡಿಷನರ್ ಬುಡಕ್ಕ ಬ್ಯಾಡ, ಕಿವಿಯಿಂದ ಕೆಳಗ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೀರಿ."

"ಎಷ್ಟು ಸಲ?"

"ಕೂದಲಾ ಕೇಳಿದಷ್ಟು ಸಲ. ನಿಮ್ಮ ಮಿಲ್ಲಿನ ಧೂಳಿಗೆ ವಾರಕ್ಕ ಎರಡು ಸಲ ಬೇಕು. ಬಾಚೋದು ದಿನಾ ಎರಡು ಹೊತ್ತು."

ಈಗಲಾದರೂ ಅವನು ಸೋಲೊಪ್ಪಿಕೊಂಡನೇ? ಇಲ್ಲ. "ನಂದು ದೇವರ ಕೂದಲ. ಅದಕ್ಕ ಮಡಿ ಬೇಕು. ನಿಂದು ಶೋಕಿ," ಎಂದು ಮೀಸೆ ತಿರುವಿ ಎದ್ದು ಹೋದ. ಹೇಮಾವತಿಗೆ ಆವತ್ತು ನಿಜವಾಗಿ ನೋವಾಯಿತು.

ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ವರ್ಷ ತುಂಬುವಷ್ಟರಲ್ಲಿ ಮರಿಬಸಪ್ಪನಿಗೆ ಆ ಕೂದಲಿನ ಮೇಲೆ ಮೋಹ ಹುಟ್ಟಿತು. ಬುತ್ತಿ ಎಂಟಕ್ಕೇ ತಯಾರಿದ್ದರೂ ಅವನೇ ಕನ್ನಡಿ ಬಿಡಲೊಲ್ಲ. ಬೋರಿನ ನೀರು ಗಡಸು ಎಂದು ದೂರಿದ. ಹಣಿಗೆಯಲ್ಲಿ ಸಿಕ್ಕ ಎಳೆಗಳನ್ನು ಬೆಳಕಿಗೆ ಹಿಡಿದು ನಿಟ್ಟುಸಿರಿಟ್ಟ. ಬುಧವಾರ, ಭಾನುವಾರ ಬಚ್ಚಲಿನ ಚಿಲಕ ಹಾಕಿಕೊಂಡರೆ ಮನೆಮಂದಿಯೆಲ್ಲ ಚೊಂಬು ಹಿಡಿದು ಹೊರಗೆ ಕಾಯಬೇಕು. (ಹೆಂಡತಿಯ ಕಂಡಿಷನರ್ ಬಾಟಲಿ ಯಾಕೆ ಅಷ್ಟು ಬೇಗ ಖಾಲಿಯಾಗುತ್ತಿತ್ತು ಎಂಬುದನ್ನು ಇಲ್ಲಿ ಕೆದಕುವುದು ಬೇಡ.)

ಎರಡು ವರ್ಷ ಮುಗಿಯಿತು. ಅವನು ಉರುಕುಂದದ ಹೆಸರೆತ್ತಲಿಲ್ಲ.

"ಈ ಶ್ರಾವಣದಾಗ ಮುಡಿ ಕೊಡೋಣಪ್ಪ," ಎಂದಳು ಮಹಾಂತಮ್ಮ.

"ಮಿಲ್ಲಿನ್ಯಾಗ ಸೀಜನ್ ಜೋರೈತವ್ವಾ."

"ಶ್ರಾವಣದಾಗ ಯಾವ ಸೀಜನ್ನೋ? ಹೊಲದಾಗಿನ ಹತ್ತಿ ಇನ್ನ ಕಾಯಿ ಕಟ್ಟಿಲ್ಲ!"

ಶ್ರಾವಣ ಹೋಯಿತು, ದೀಪಾವಳಿ ಹೋಯಿತು. ಕೊನೆಗೆ ಮಹಾಂತಮ್ಮ ಬ್ರಹ್ಮಾಸ್ತ್ರ ಬಿಟ್ಟಳು. "ದೇವರ ಮುಡಿ ನೀ ಇಟ್ಕೊಂಡ್ರ, ನಿನ್ನ ಕಲ್ಲು ಆತ ವಾಪಸ್ ಕೊಡ್ತಾನ." ಆ ಕ್ಷಣಕ್ಕೇ ಮರಿಬಸಪ್ಪನ ಪಕ್ಕೆಯಲ್ಲಿ ಏನೋ ಚುಳ್ ಎಂದಿತು. ಸೋಮವಾರ ಬೆಳಿಗ್ಗೆ ಮೂವರೂ ಉರುಕುಂದದ ಬಸ್ಸು ಹತ್ತಿದರು.

ಬೇವಿನ ಮರದ ಕೆಳಗೆ ಕ್ಷೌರಿಕ ರಂಗನಾಥ ಕೂತಿದ್ದ. ಮರಿಬಸಪ್ಪನಿಗಿಂತ ಮುಂಚೆ ಒಬ್ಬ ಹೆಣ್ಣುಮಗಳು ಬಂದು, ಹೆರಳಿನ ತುದಿಗೆ ಮೂರೇ ಮೂರು ಕತ್ತರಿ ಹಾಕಿಸಿಕೊಂಡು, ಉಳಿದ ಜಡೆ ಬೀಸುತ್ತ ಹೋದಳು. ಮರಿಬಸಪ್ಪನ ಮುಖ ಅರಳಿತು.

"ನನಗೂ ಅದ ಮಾಡಪ್ಪ. ಮೂರು ಕತ್ತರಿ ಸಾಕು."

ರಂಗನಾಥ ಕತ್ತಿ ಕೆಳಗಿಟ್ಟು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಅಂದ: "ಏಂ ಸಾಮಿ ಇದಿ? ಅದು ಹೆಂಗಸ್ರಿಗೆ. ಗಂಡಸ್ರಿಗೆ ಗುಂಡೇ, ಪೂರಾ ಬೋಳು."

ಸುತ್ತ ನಿಂತವರು ನಕ್ಕರು. ಮರಿಬಸಪ್ಪ ತಲೆ ತಗ್ಗಿಸಿ ಎರಡೂ ಕೈಯಲ್ಲಿ ಕೂದಲು ಹಿಡಿದುಕೊಂಡ. ಆಗ ಮುಂದೆ ಬಂದವಳು ಹೇಮಾವತಿ.

"ನಗಬ್ಯಾಡ್ರಿ. ಎರಡು ವರ್ಷದ ಮ್ಯಾಲಾತು, ದಿನಾ ಎರಡು ಹೊತ್ತು ಬಾಚ್ಯಾರ, ವಾರಕ್ಕ ಎರಡು ಸಲ ಕಂಡಿಷನರ್ ಹಚ್ಯಾರ, ಒಂದೆಳಿ ಉದುರಿದ್ರ ಊಟ ಬಿಟ್ಟಾರ. ಹೆಂಗಸ್ರು ಇದಕ್ಕಿಂತ ಹೆಚ್ಚು ಏನು ಮಾಡ್ತಾರ? ಮೂರ ಕತ್ತರಿ ಹಾಕಪ್ಪ ಅವರಿಗೆ."

ಮರಿಬಸಪ್ಪ ಹೆಂಡತಿಯ ಮುಖ ನೋಡಿದ.

"ಸರೇ," ಎಂದ ರಂಗನಾಥ. "ತುದಿಯೇನಮ್ಮಾ, ಬುಡವೇನು?"

"ತುದಿ ಹ್ಯಾಂಗ ಆಗ್ತೈತಿ?" ಎಂದು ಮಹಾಂತಮ್ಮ ನಡುವೆ ನುಗ್ಗಿದಳು. "ಕಲ್ಲು ಬುಡಸಮೇತ ಬಿದ್ದೈತಿ. ಮುಡಿನೂ ಬುಡಸಮೇತ ಹೋಗಬೇಕು!"

ಯಾರಾದರೂ ತಡೆಯುವ ಮೊದಲೇ ರಂಗನಾಥನ ಕತ್ತರಿ ಕಚ್, ಕಚ್, ಕಚ್. ಹಣೆಯ ಮೇಲೊಂದು, ನೆತ್ತಿಯಲ್ಲೊಂದು, ಕಿವಿಯ ಹಿಂದೊಂದು ರೂಪಾಯಿ ಅಗಲದ ಬಯಲು ಬಿತ್ತು. ಮರಿಬಸಪ್ಪ ಕನ್ನಡಿ ಹಿಡಿದು ಈ ಕಡೆಯ ಕೂದಲನ್ನು ಆ ಕಡೆಗೆಳೆದ. ಒಂದು ಮುಚ್ಚಿದರೆ ಇನ್ನೊಂದು ಬಾಯಿ ತೆರೆಯಿತು. ಸುಮಾರು ಹೊತ್ತು ಹೋರಾಡಿ, ಕನ್ನಡಿ ಕೆಳಗಿಟ್ಟು, ಸಣ್ಣ ದನಿಯಲ್ಲಿ ಹೇಳಿದ: "ಎಲ್ಲಾ ತಗದುಬಿಡಪ್ಪ."

ಕೂದಲು ತೊಡೆಯ ಮೇಲೆ ರಾಶಿ ಬಿದ್ದಾಗ ಅವನು ಮುಚ್ಚುಮರೆಯಿಲ್ಲದೆ ಅತ್ತ. ಹೇಮಾವತಿ ಸೆರಗಿನಿಂದ ಅವನ ಬೋಳುತಲೆ ಒರೆಸಿದಳು.

"ಹೇಮಾ, ನಿನ್ನ ಕೈ ಎಷ್ಟು ನೋಯ್ತಿರಬೇಕು. ನಾ ಒಮ್ಮೆನೂ ಕೇಳಲಿಲ್ಲ ನೋಡು," ಎಂದ ಮರಿಬಸಪ್ಪ.

ಮರಳುವ ಬಸ್ಸಿನಲ್ಲಿ ಆಕೆ ಕಿಟಕಿಯ ಪಕ್ಕದ ಸೀಟು ಅವನಿಗೆ ಬಿಟ್ಟುಕೊಟ್ಟಳು.

ಮುಂದಿನ ಭಾನುವಾರ ಹೇಮಾವತಿ ಎರಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಒಳಗಿನಿಂದ ಮರಿಬಸಪ್ಪ ತಡೆಯಲಾರದೆ ಕೂಗಿದ: "ಏ ಏ, ಟವೆಲ್ ಹಂಗ ತಿಕ್ಕಬ್ಯಾಡ, ತುದಿ ಸೀಳ್ತಾವು!"

ಆಕೆ ತಿರುಗಲೂ ಇಲ್ಲ. ಹಣಿಗೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು. "ಬರ್ರಿ, ನೀವ ಬಾಚ್ರಿ. ಕಲ್ತ ವಿದ್ಯೆ ಕೆಡಬಾರ್ದು."

ಒಂದು ದಿನದ ಮಟ್ಟಿಗೆ ತಾನೇ ಎಂದು ಮರಿಬಸಪ್ಪ ಕೂತ. ಮೊಣಕಾಲಿನ ಹತ್ತಿರಕ್ಕೆ ಇಳಿಯುವ ಕೂದಲು ತುದಿಯಿಂದ ಮೇಲೆ ಬರುವಷ್ಟರಲ್ಲಿ ಒಂದು ತಾಸಾಯಿತು, ಓಣಿಯ ಮಂದಿಯೆಲ್ಲ ನೋಡಿಕೊಂಡು ಹೋದರು. ಇನ್ನೇನು ಏಳಬೇಕು ಎಂದು ಹಿಂದೆ ತಿರುಗಿದರೆ, ಮಹಾಂತಮ್ಮ ತನ್ನ ನಿಂಬೆಕಾಯಿಯಷ್ಟು ತುರುಬು ಬಿಚ್ಚಿಕೊಂಡು ಪಾಳಿ ಹಚ್ಚಿ ಕೂತಿದ್ದಳು.

"ಆಕೀದು ಮುಗೀತಲ್ಲ, ಇನ್ನ ನಂದು ನೋಡಪ್ಪ. ಮತ್ತ ಮೆತ್ತಗ ಬಾಚು, ಇರೋವ ಇಪ್ಪತ್ತು ಎಳಿ."