ಸಾಹೇಬನಿಗೆ ಹನ್ನೊಂದು ತಿಂಗಳು

ಲಂಡನ್ ತೋರಿಸೋ ಕೆಲಸ ಬಹಳ ಸುಲಭ. ಅರಮನೆ, ಕೋಟೆ, ಸೇತುವೆ ಎಲ್ಲ ಇದ್ದ ಜಾಗದಲ್ಲೇ ಇರುತ್ತವೆ, ಯಾರಿಗೂ ತೊಂದರೆ ಕೊಡುವುದಿಲ್ಲ. ತೊಂದರೆ ಏನಿದ್ದರೂ ಬಸ್ಸಿನಲ್ಲಿ ಕೂತವರದು. ತೊಂಬತ್ತರ ದಶಕದ ಕೊನೆಯಿಂದ ಏಳೆಂಟು ಬೇಸಿಗೆ ನಾನು ಕನ್ನಡಿಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಒಂದು ದಿನದ ಟೂರ್ ಮಾಡಿಸಿದೆ. ಒಂದು ಶನಿವಾರವಾದರೂ ಮರ್ಯಾದೆಯಿಂದ ಮುಗಿದಿದ್ದು ನೆನಪಿಲ್ಲ.

ಗಿರಾಕಿಗಳಿಗೆ ಬರವಿರಲಿಲ್ಲ. ಮಗ ಸೊಸೆ ಇಬ್ಬರಿಗೂ ಕ್ಯಾನರಿ ವಾರ್ಫಿನ ಬ್ಯಾಂಕುಗಳಲ್ಲಿ ಕೆಲಸ. ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಮೊದಲ ವಾರ ಪ್ರೀತಿಯೋ ಪ್ರೀತಿ. ಎರಡನೇ ವಾರ ಅತ್ತೆಯವರು ಅಡಿಗೆಮನೆ ಡಬ್ಬಿಗಳ ಜಾಗ ಬದಲಾಯಿಸುತ್ತಾರೆ. ಮೂರನೇ ವಾರ ಸೊಸೆ ನನಗೆ ಫೋನ್ ಮಾಡಿ ಶನಿವಾರಕ್ಕೆ ಎರಡು ಸೀಟು ಕೇಳುತ್ತಾಳೆ, ಭಾನುವಾರವೂ ಟೂರ್ ಇದೆಯಾ ಎಂದು ಮೆಲ್ಲಗೆ ವಿಚಾರಿಸುತ್ತಾಳೆ.

ನಾನು ಧಾರವಾಡದಿಂದ ಎರಡು ವರ್ಷಕ್ಕೆಂದು ಬಂದವನು. ನಾನು ಹೇಳುತ್ತಿರುವ ಬೇಸಿಗೆಗೆ ಆಗಲೇ ಹನ್ನೆರಡು ವರ್ಷವಾಗಿತ್ತು, ಆ ಮಾತು ಬೇರೆ. ಮೊದಲು ವಿಮಾನ ನಿಲ್ದಾಣದ ಪಕ್ಕದ ಹೇಸ್‌ನ ಒಂದು ವೇರ್‌ಹೌಸಿನಲ್ಲಿ, ಮೈ ಕೊರೆಯುವ ತಣ್ಣನೆ ಕೋಣೆಯಲ್ಲಿ, ವಿಮಾನದವರಿಗೆ ಊಟದ ಡಬ್ಬಿ ಕಟ್ಟುತ್ತಿದ್ದೆ. ಈ ಟೂರ್ ಸಿಕ್ಕ ಮೇಲೆ ಬಿಸಿಲು ಕಂಡೆ. ಹಾಗಾಗಿ ಬಸ್ಸಿನ ಮಾಲೀಕನೆಂದರೆ ನನಗೆ ಭಕ್ತಿ, ಭಯ ಎರಡೂ.

ಮುಂದೆ ಹೋದ ಗಂಟು

ಒಂದು ಶನಿವಾರ ಗ್ರೀನ್‌ಫರ್ಡಿನಲ್ಲಿ ಬೆಳಗಾವಿಯ ಅಜ್ಜಿಯೊಬ್ಬರನ್ನು ಹತ್ತಿಸಿಕೊಳ್ಳಬೇಕಿತ್ತು. ಬಸ್ ಬರುವುದು ಸರಿಯಾಗಿ ರಾಹುಕಾಲಕ್ಕೆ. ಅಜ್ಜಿ ಅದಕ್ಕೆಲ್ಲ ಹೆದರುವವರಲ್ಲ. ಹಿಂದಿನ ಸಂಜೆಯೇ ಒಳ್ಳೆ ಮುಹೂರ್ತ ನೋಡಿ ಪ್ರಸ್ಥಾನ ಇಟ್ಟಿದ್ದರು. ಅಂದರೆ ಅಕ್ಕಿ, ಅಡಿಕೆ, ತೆಂಗಿನಕಾಯಿ ಬಟ್ಟೆಯಲ್ಲಿ ಕಟ್ಟಿ ಪಕ್ಕದ ಮನೆಯಲ್ಲಿಟ್ಟು ಬರುವುದು. ಗಂಟು ಹೊರಟಿತೆಂದರೆ ನಾವೂ ಹೊರಟ ಲೆಕ್ಕ.

ಪಕ್ಕದ ಮನೆಯಲ್ಲಿದ್ದದ್ದು ಇಂಗ್ಲಿಷ್ ದಂಪತಿ. ಅಜ್ಜಿ ಗಂಟನ್ನು ಅವರ ಬಾಗಿಲ ಮುಂದಿಟ್ಟು, ಕೈಮುಗಿದು, ಯಾರಿಗೂ ಹೇಳದೆ ಬಂದಿದ್ದರು. ಬೀದಿಯಲ್ಲಿ ವಾರಸುದಾರರಿಲ್ಲದ ಚೀಲ ಕಂಡರೆ ಬಾಂಬೆಂದು ಊರೇ ನಡುಗುತ್ತಿದ್ದ ಕಾಲ. ನಮ್ಮ ಬಸ್ ತಲುಪಿದಾಗ ಬೀದಿಗೆ ಅಡ್ಡ ಪಟ್ಟಿ ಕಟ್ಟಿ, ಪೊಲೀಸರು ದೂರದಿಂದ ತೆಂಗಿನಕಾಯಿಯನ್ನು ಗುರಾಯಿಸುತ್ತಿದ್ದರು.

ನಾನು ಹೋಗಿ ಅದು ಕಾಯಿ ಎಂದು ತಿಳಿಸಿದೆ. ಅದು ಇಲ್ಲೇನು ಮಾಡುತ್ತಿದೆ ಎಂದು ಪೊಲೀಸಿನವ ಕೇಳಿದ. ನಿನ್ನೆ ಸಂಜೆಯೇ ಪ್ರಯಾಣ ಹೊರಟಿದೆ, ಅಜ್ಜಿ ಈಗ ಹೋಗಿ ಸೇರಿಕೊಳ್ಳುತ್ತಾರೆ ಎಂದೆ. ಅವನು ನನ್ನ ಬಾಯಿ ವಾಸನೆ ನೋಡಿದ.

ಪಕ್ಕದ ಮನೆಯವರು ಮಾಲೀಕನಿಗೆ ದೂರು ಕೊಟ್ಟರು. ಇನ್ನೊಂದು ದೂರು ಬಂದರೆ ಟೂರ್ ಬಂದ್, ವೇರ್‌ಹೌಸಿನ ಬಾಗಿಲು ನಿನಗೆ ತೆರೆದೇ ಇದೆ ಎಂದು ಅವನು ಬಹಳ ಸೌಜನ್ಯದಿಂದ ತಿಳಿಸಿದ.

ಕಿರೀಟದ ಪ್ರಸಾದ

ಲಂಡನ್ ಟವರ್ ಎಂಬ ಕೋಟೆಯಲ್ಲಿ ರಾಣಿಯವರ ಕಿರೀಟಗಳನ್ನು ನಿಂತು ನೋಡುವ ಹಾಗಿಲ್ಲ. ಕಾಲ ಕೆಳಗಿನ ಪಟ್ಟಿಯೇ ನಮ್ಮನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ನಮ್ಮ ದೇಶದ ವಜ್ರ ನೋಡಲು ನಮಗೆ ಅಷ್ಟೇ ಹೊತ್ತು ಸಾಕೆಂದು ಅವರ ಅಂದಾಜು.

ಕುಂದಾಪುರದ ಅಮ್ಮ ಒಬ್ಬರು ಕಣ್ಮುಚ್ಚಿ ಕೈಮುಗಿದರು. ಕಣ್ಣು ತೆರೆಯುವಷ್ಟರಲ್ಲಿ ಕಿರೀಟ ದಾಟಿಹೋಗಿತ್ತು. ಕಾವಲಿನವ ಮುಂದೆ ನಡೆಯಿರಿ ಎಂದ. ಅಮ್ಮನಿಗೆ ಬೇಜಾರೇನೂ ಆಗಲಿಲ್ಲ. ತಿರುಪತಿಯಲ್ಲಿ ಇದಕ್ಕಿಂತ ಜೋರಾಗಿ ತಳ್ಳುತ್ತಾರಂತೆ. ಹೊರಗೆ ಬಂದವರು ನನ್ನನ್ನು ಕೇಳಿದ್ದು ಒಂದೇ, "ಪ್ರಸಾದ ಎಲ್ಲಿ ಕೊಡೂದು ಮಾರಾಯ್ರೆ?"

ನಾನು ಕುಚೋದ್ಯಕ್ಕೆ ಅಲ್ಲಿನ ಅಂಗಡಿ ತೋರಿಸಿದೆ. ಅಮ್ಮ ಕಿರೀಟದ ಚಿತ್ರವಿದ್ದ ಸಿಹಿಯ ಡಬ್ಬ ತಂದು ಬಸ್ಸಿನಲ್ಲೆಲ್ಲ ಹಂಚಿದರು. ಎಲ್ಲರೂ ಕಣ್ಣಿಗೊತ್ತಿಕೊಂಡು ತಿಂದರು. ಹಿಂದಿನ ಸೀಟಿನ ಯಜಮಾನರೊಬ್ಬರು ಮಾತ್ರ, ಅಷ್ಟು ದೊಡ್ಡ ವಜ್ರ ಇಟ್ಟುಕೊಂಡು ಇಷ್ಟೇ ಇಷ್ಟು ಕೊಡುತ್ತಾರಲ್ಲ ಎಂದು ಬೈದರು.

ಇಲ್ಲದ ಚಿಮಣಿ

ಮಧ್ಯಾಹ್ನ ಹೋಗುತ್ತಿದ್ದುದು ಪೂರ್ವ ಲಂಡನ್ನಿನ ಹಳೆ ಗೋದಾಮೊಂದಕ್ಕೆ. ನಮ್ಮ ಕರಾವಳಿಗೆ ಮೊದಲು ಬಂದ ಬಿಳಿಯರು ಕಟ್ಟಿಕೊಂಡಿದ್ದ ನೆಲೆಯನ್ನು ಅಲ್ಲಿ ಪ್ರದರ್ಶನಕ್ಕೆಂದು ಹೊಸದಾಗಿ ಕಟ್ಟಿದ್ದರು. ಹಡಗು ನಿಲ್ಲುವ ಮರದ ದಕ್ಕೆ, ಮೆಣಸಿನ ಮೂಟೆ, ಸಿಮೆಂಟಿನ ತೆಂಗಿನಮರ, ಬೂಟು ಟೋಪಿ ಹಾಕಿದ ವೇಷದ ಸಾಹೇಬ. ಬಾಗಿಲ ಮೇಲೆ 'ಫ್ಯಾಕ್ಟರಿ' ಎಂದು ಬೋರ್ಡು. ಆ ಕಾಲದಲ್ಲಿ ಸರಕು ಇಡುವ ಕೋಠಿಗೆ ಹಾಗೆನ್ನುತ್ತಿದ್ದರು.

ಹಂಚಿನ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದ ಉಡುಪಿಯವರೊಬ್ಬರು ಒಳಗೆಲ್ಲ ಹುಡುಕಿ, ಚಿಮಣಿಯೂ ಇಲ್ಲ ಮಿಷನ್ನೂ ಇಲ್ಲ, ಇವರು ಇಲ್ಲಿ ಮಾಡುತ್ತಿದ್ದದ್ದೆಂತ ಎಂದರು. ಅಸಲು ಪ್ರಶ್ನೆ ಅದೇ ಎಂದೆ. ಅಷ್ಟರಲ್ಲಿ ಇಂಗ್ಲಿಷ್ ಹೆಂಗಸೊಬ್ಬಳು ಪಂಚೆಯುಟ್ಟಿದ್ದ ಅವರನ್ನೂ ಪ್ರದರ್ಶನದ ಭಾಗವೆಂದುಕೊಂಡು, ಮೂಟೆಯ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. ಅವರು ಮೀಸೆ ತಿರುವಿ ನಿಂತರು. ಹೋಗುವಾಗ ಅವಳು, ವೇಷ ಬಹಳ ಚೆನ್ನಾಗಿದೆ, ಸ್ವೆಟರ್ ಮಾತ್ರ ಆ ಕಾಲಕ್ಕೆ ಹೊಂದುವುದಿಲ್ಲ ಎಂದು ತಿದ್ದಿದಳು.

ರಾಜನ ಷರತ್ತು

ಅಲ್ಲಿ ದಿನಾ ಒಂದು ಆಟ ನಡೆಯುತ್ತಿತ್ತು. ನೋಡಲು ಬಂದವರಲ್ಲಿ ಒಬ್ಬರಿಗೆ ಪೇಟ ಸುತ್ತಿ ರಾಜನನ್ನಾಗಿ ಕೂರಿಸುತ್ತಾರೆ. ಸಾಹೇಬ ಮಂಡಿಯೂರಿ, ಸರಕು ಇಡಲು ಸ್ವಲ್ಪ ಜಾಗ ಕೊಡಿ ಎಂದು ಕೇಳುತ್ತಾನೆ. ರಾಜ ಹೂಂ ಎಂದು ತಲೆಯಾಡಿಸಬೇಕು. ತೋಪು ಹಾರುತ್ತದೆ, ಬಾವುಟ ಏರುತ್ತದೆ. ರಾಜ ನಮ್ಮವರಾದರೆ ಮಾತು ದಾಟಿಸಲು ನಾನು ನಡುವೆ ನಿಲ್ಲುತ್ತಿದ್ದೆ.

ಆ ದಿನ ರಾಜನಾದವರು ವಿಜಾಪುರದ ನಿವೃತ್ತ ಹೆಡ್‌ಮಾಸ್ತರು. ಮನೆಯ ಮುಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟು, ಬಾಡಿಗೆಯವನನ್ನು ಬಿಡಿಸಲು ಕೋರ್ಟಿಗೆ ಅಲೆದು ಅಲೆದು ಚಪ್ಪಲಿ ಸವೆಸಿದವರು. ಈ ಸಂಗತಿ ನನಗೆ ಮೊದಲೇ ಗೊತ್ತಿದ್ದರೆ ಬೇರೆ ಯಾರನ್ನಾದರೂ ಕೂರಿಸುತ್ತಿದ್ದೆ.

ಸಾಹೇಬ ಮಂಡಿಯೂರಿದ. ನಾನು ಅನುವಾದಿಸಿದೆ.

"ಜಾಗಾ ಇಲ್ಲಂತ ಹೇಳು," ಎಂದರು ಮಾಸ್ತರು.

ರಾಜರು ಆಲೋಚಿಸುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬ ಉಣ್ಣೆಯ ಬಟ್ಟೆ ಕಾಣಿಕೆ ಕೊಟ್ಟ. ವಿಜಾಪುರದ ಬಿಸಿಲಿಗೆ ಇದನ್ನು ಹೊದ್ದುಕೊಂಡು ಸಾಯಲೇನು ಎಂದು ಮಾಸ್ತರು ಹಿಂದಕ್ಕೆ ತಳ್ಳಿದರು. ತೋಪಿನವ ಕಡ್ಡಿ ಗೀರಲು ಕಾಯುತ್ತಿದ್ದ. ಶಾಲೆಯ ಮಕ್ಕಳು ಗಲಾಟೆ ಶುರು ಮಾಡಿದರು. ಸಾಹೇಬ ಮಂಡಿ ಬದಲಿಸಿದ. ಅಲ್ಲಿಯ ಮ್ಯಾನೇಜರ್ ಗಡಿಯಾರ ನೋಡಿ ನನ್ನ ಕಡೆ ನೋಡಿದ. ನನಗೆ ಆ ತಣ್ಣನೆ ಕೋಣೆ, ಊಟದ ಡಬ್ಬಿ ಎಲ್ಲ ಕಣ್ಣಮುಂದೆ ಬಂದವು.

ಬಗ್ಗಿ ಮಾಸ್ತರ ಕಿವಿಯಲ್ಲಿ ಹೇಳಿದೆ, "ಸರ್, ಒಮ್ಮೆ ಹೂಂ ಅನ್ರಿ. ಇಲ್ಲಂದ್ರ ನನ್ನ ನೌಕರಿ ಹೋಗತದ."

ಅವರು ನನ್ನ ಮುಖ ನೋಡಿದರು. "ಆಗಿನ ಕಾಲದಾಗೂ ನಿನ್ನಂಥಾವ ಒಬ್ಬಾವ ನಡುವ ನಿಂತು, ರಾಜನ ಕಿವ್ಯಾಗ ಇದನ್ನ ಅಂದಿರಬೇಕು."

ನನಗೆ ಅವಮಾನವಾಯಿತು.

ಮಾಸ್ತರಿಗೆ ಕನಿಕರ ಬಂದಿರಬೇಕು. "ಇರಲಿ, ನಿನ್ನ ಮಾರಿ ನೋಡಿ ಕೊಡ್ತೀನಿ. ಹನ್ನೊಂದು ತಿಂಗಳು, ಅಷ್ಟ. ಗ್ವಾಡಿಗೆ ಮೊಳಿ ಹೊಡಿಯೂ ಹಂಗಿಲ್ಲ. ಮಾಂಸಾ ಬೇಯಿಸೂ ಹಂಗಿಲ್ಲ. ಊರಿಂದ ಬಳಗಾ ಕರಿಸಿ ಇಟ್ಕೊಳ್ಳೂ ಹಂಗಿಲ್ಲ."

ಒಂದಕ್ಷರ ಬಿಡದೆ ಅನುವಾದಿಸಿದೆ. ಸಾಹೇಬ ಎಲ್ಲದಕ್ಕೂ ಒಪ್ಪಿದ, ಮಾಂಸದ್ದಕ್ಕೂ. ತೋಪು ಹಾರಿತು. ಮ್ಯಾನೇಜರ್ ನನ್ನ ಹತ್ತಿರ ಬಂದಾಗ ಮುಗಿಯಿತು ನನ್ನ ಕಥೆ ಎಂದುಕೊಂಡೆ. ಈ ರಾಜರು ಮುಂದಿನ ಶನಿವಾರವೂ ಬರುತ್ತಾರಾ ಎಂದು ಕೇಳಿದ. ನೌಕರಿ ಉಳಿಯಿತು.

ಬಸ್ ಇಳಿಯುವಾಗ ಮಾಸ್ತರು ನೆನಪಿಸಿದರು. ಅವಧಿ ಮುಗಿದಾಗ ನೀನೇ ಹೋಗಿ ಖಾಲಿ ಮಾಡಿಸಬೇಕು, ನಡುವೆ ನಿಂತವನು ನೀನು ಎಂದು. ನಾನು ನಕ್ಕು ಆಗಲಿ ಎಂದೆ, ಮರೆತೂ ಬಿಟ್ಟೆ.

ಮುಂದಿನ ವರ್ಷ ಒಂದು ಬೆಳಿಗ್ಗೆ ವಿಜಾಪುರದಿಂದ ಫೋನು. ಕ್ಷೇಮ ಸಮಾಚಾರ ಏನೂ ಇಲ್ಲ.

"ಹನ್ನೊಂದು ತಿಂಗಳಾತು. ಸಾಹೇಬ ಖಾಲಿ ಮಾಡಿದನೇನು?"

ಇಲ್ಲ, ಇನ್ನೂ ಅಲ್ಲೇ ಇದ್ದಾನೆ, ಈಗ ದಿನಕ್ಕೆ ಎರಡು ಸಲ ತೋಪು ಹಾರಿಸುತ್ತಾನೆ ಎಂದೆ. ತನಗೆ ಗೊತ್ತಿತ್ತು ಎಂದರು. ಆಮೇಲೆ, ನೀನು ಅಲ್ಲಿಗೆ ಎಷ್ಟು ವರ್ಷಕ್ಕೆಂದು ಹೋದವನು ಎಂದು ಕೇಳಿದರು. ಎರಡು ವರ್ಷಕ್ಕೆ ಎಂದೆ. ಈಗ ಎಷ್ಟಾಯಿತು ಎಂದರು. ಹದಿಮೂರು ಎಂದೆ.

ಮಾಸ್ತರು ಎರಡು, ಹದಿಮೂರು ಎಂದು ಗೊಣಗುತ್ತ ಲೆಕ್ಕ ಹಾಕಿದರು.

"ಹಂಗಿದ್ರ ನೀನೂ ಖಾಲಿ ಮಾಡಬ್ಯಾಡ," ಎಂದು ಫೋನಿಟ್ಟರು.