ಕಂಪನಿಗೆ ಹಾಡಲು ಹೋದದ್ದು

ನಮ್ಮ ಬ್ಯಾಂಡು ಕೈಹಾಕಿದ ಕೆಲಸ ಒಂದಾದರೂ ನೆಟ್ಟಗೆ ಆದದ್ದುಂಟೇ? ಮೊದಲ ಆಡಿಷನ್ನೂ ಹಾಗೇ. ನಾವು ಮೂವರು: ಗಿಟಾರ್ ಹಿಡಿದು ಹಾಡು ಕಟ್ಟುವ ನಾನು, ಡ್ರಮ್ ಬಾರಿಸುವ ಚಿಕ್ಕಪ್ಪನ ಮಗ, ಹಾಡುವ, ಕಿಣತ್ತುಕಡವು ಊರಿನ ತಮಿಳು ಗೆಳೆಯ.

ಯಾವ ಸೆಕ್ಷನ್?

ಬೆಂಗಳೂರಿನ ರೆಕಾರ್ಡ್ ಕಂಪನಿಯೊಂದು ಹೊಸ ಕನ್ನಡ ಹಾಡು ಕೇಳಲು ಕೊಯಮತ್ತೂರಿಗೆ ಬರುತ್ತಿತ್ತು. ನಮ್ಮದು ತಮಿಳುನಾಡಿನಲ್ಲಿ ನೆಲೆಸಿದ ಕನ್ನಡ ಮನೆತನ; ಕುನ್ನತ್ತೂರಿನ ಮನೆಯಲ್ಲಿ ನಾನು ಕುಣಿದಾಡಿದೆ: "ಅಪ್ಪಾ, ಕಂಪನಿಯವ್ರು ಕರ್ದವ್ರೆ!"

ನಮ್ಮ ತಿರುಪ್ಪೂರು ಕಡೆ ಕಂಪನಿ ಅಂದರೆ ಬನಿಯನ್ ಕಂಪನಿ. ಕೆಲಸ ಸಿಕ್ಕಿತೆಂದು ಅಪ್ಪನ ಮುಖ ಅರಳಿತು. "ಏನ್ ವೇಲೆ? ಕಟಿಂಗಾ, ಚೆಕಿಂಗಾ?"

"ಅದಲ್ಲಪ್ಪಾ, ರೆಕಾರ್ಡ್ ಕಂಪನಿ."

"ಅಯ್ಯೋ, ರೆಕಾರ್ಡ್ ಡ್ಯಾನ್ಸಾ?" ಒಳಗಿನಿಂದ ಅಜ್ಜಿ ಎದೆ ಬಡಿದುಕೊಂಡಳು. ಅವಳ ಪಾಲಿಗೆ ಅದು ಮಾನಗೆಟ್ಟವರ ಕುಣಿತ.

ಅಪ್ಪನ ತೀರ್ಪು ಬಂತು. "ಈ ಸಲಿ ಆಗ್ಲಿಲ್ಲಾಂದ್ರೆ ಗಿಟಾರ್ ಅಟ್ಟಕ್ಕೆ, ನೀನು ಚೆಕಿಂಗ್‌ಗೆ." ನನಗೆ ನಿಜಕ್ಕೂ ಭಯವಾಯಿತು. ಹೊರಡುವಾಗ ಅಜ್ಜಿ ಕೆನ್ನೆ ಸವರಿದಳು. "ಕುಣಿಯೋದಾದ್ರೆ ಕುಣಿ ಕಣ್ಣು, ಮೈ ತುಂಬ ಬಟ್ಟೆ ಹಾಕ್ಕೊ."

ತರಿ ನಿಂತರೆ

ಚಿಕ್ಕಪ್ಪನ ಮಗ ಡ್ರಮ್ ಕಲಿತದ್ದು ಅವರ ಪವರ್‌ಲೂಮ್ ಶೆಡ್ಡಿನಲ್ಲಿ, ಓಡುವ ಮಗ್ಗದ ತಾಳಕ್ಕೆ. ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಸದ್ದೇ ಇಲ್ಲ. ಅವನ ಕೈ ಏಳಲೊಲ್ಲದು. ಬೆವರುತ್ತಾ ಮನೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. "ಅಪ್ಪಾ, ಫೋನ್ ತರಿ ಹತ್ರ ಹಿಡಿ." ಮಗ್ಗಕ್ಕೆ ನಾವು ತರಿ ಅನ್ನುವುದು.

ಟಕಟಕ ಶುರುವಾದದ್ದೇ ತಡ, ಡ್ರಮ್ಮು ಹಾರಾಡಿತು. ಕಂಪನಿಯ ಸಾರ್ ತಲೆದೂಗಿದರು. ಅಷ್ಟರಲ್ಲಿ ಫೋನು ಗಪ್‌ಚಿಪ್, ಡ್ರಮ್ಮೂ ಗಪ್‌ಚಿಪ್.

"ಏನಾಯ್ತಪ್ಪಾ?" ಎಂದರು ಸಾರ್.

ಫೋನಿನೊಳಗಿಂದ ಚಿಕ್ಕಪ್ಪ ಹೇಳಿದರು: "ಒಂದ್ ನಿಮಿಷ ಇರಿ ಸಾರ್, ನೂಲು ಕಿತ್ತೋಯ್ತು."

ಬೇಡ ಅಂದರೆ

"ವಾದ್ಯ ಬಿಡಿ, ಬರೀ ಹಾಡಿ," ಎಂದರು ಸಾರ್. ಉಳಿದದ್ದು ಅದೊಂದೇ ಆಸೆ.

ನಾನು ಬರೆದದ್ದು "ಚಿನ್ನ ಬೇಡ, ಬೆಳ್ಳಿ ಬೇಡ, ನೀನು ಬಂದರೆ ಸಾಕು." ಆದರೆ ತಮಿಳು ಶಾಲೆಯಲ್ಲಿ ಓದಿದ ನನಗೆ ಆಗ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಗೆಳೆಯನಿಗೆ ತಮಿಳು ಲಿಪಿಯಲ್ಲೇ ಬರೆದುಕೊಟ್ಟಿದ್ದೆ. ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ನಾವು ಅಭ್ಯಾಸ ಮಾಡುತ್ತಿದ್ದ ಶೆಡ್ಡಿನ ಗದ್ದಲದಲ್ಲಿ ಅವನು ಏನು ಹಾಡುತ್ತಿದ್ದನೋ ಒಂದು ದಿನವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಈಗ ಬಿತ್ತು.

"ಚಿನ್ನ ಪೇಡ, ಪೆಳ್ಳಿ ಪೇಡ, ನೀನು ಪಂದರೆ ಸಾಕು..."

ಚಿನ್ನ ಅಂದರೆ ತಮಿಳಿನಲ್ಲಿ ಚಿಕ್ಕದು. ಮಿಠಾಯಿಯ ಹಾಡೆಂದೇ ತಿಳಿದು ಮಹಾರಾಯ ಬಾಯಲ್ಲಿ ನೀರೂರಿಸಿಕೊಂಡು ಹಾಡಿದ. ನನಗೆ ಚೆಕಿಂಗ್ ಟೇಬಲ್ಲು ಕಣ್ಣಿಗೆ ಕಟ್ಟಿತು. ಸಾರ್ ಕುರ್ಚಿಯಿಂದ ಜಾರುವಷ್ಟು ನಕ್ಕರು.

"ತಗೊಂಡ್ವಿ ಕಣ್ರಪ್ಪಾ! ಹಾಡು ಹೀಗೇ ಇರ್ಲಿ. ಒಂದಕ್ಷರಾನೂ ತಿದ್ದೋದು ಬೇಡ, ಬೇಡವೇ ಬೇಡ!"

ನನ್ನ ಕಣ್ಣಲ್ಲಿ ನೀರು ಬಂತು. ಗೆಳೆಯ ಮಾತ್ರ ನನ್ನ ಕಿವಿಯ ಬಳಿ ಬಾಗಿ, ಬಹಳ ಕನಿಕರದಿಂದ ತಮಿಳಿನಲ್ಲಿ ಪಿಸುಗುಟ್ಟಿದ:

"ಪಾಪ, ಸಾರ್‌ಗೆ ಕನ್ನಡ ಸರಿಯಾಗಿ ಬರಲ್ಲ ಅನ್ಸುತ್ತೆ. ಪೇಡಕ್ಕೆ ಬೇಡ ಅಂತಾರೆ."